ಬಾಳೆಕಂದು ಕಟ್ಟಿದ ಗಾಡಿ

ನನ್ನ ಗಾಡಿಗೆ ಎರಡು ಮುಖ. ಮುಂದೆ ಮಣ್ಣು ತಳ್ಳುವ ಅಗಲ ಬಕೆಟ್ಟು, ಹಿಂದೆ ನೆಲ ಬಗೆಯುವ ಹಲ್ಲಿನ ಬಕೆಟ್ಟು. ಜೆಸಿಬಿ ಅಂದರೆ ಎಲ್ಲರಿಗೂ ಗೊತ್ತು, ಆದರೆ ಅದರೊಳಗಿನವನು ಹೇಗೆ ಕೂರುತ್ತಾನೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಅಗೆಯುವಾಗ ಸೀಟನ್ನು ಪೂರ್ತಿ ಹಿಂದಕ್ಕೆ ತಿರುಗಿಸಿಕೊಳ್ಳಬೇಕು. ಮುಂದಿನ ಬಕೆಟ್ಟನ್ನು ನೆಲಕ್ಕೆ ಒರಗಿಸಿ, ಹಿಂದೆ ಎರಡೂ ಬದಿಯ ಕಬ್ಬಿಣದ ಕಾಲು ಊರಬೇಕು. ಅದನ್ನು ನಾವು ಜಾಕು ಅನ್ನುತ್ತೇವೆ. ಜಾಕು ಊರಿದ ಮೇಲೆ ಗಾಡಿ ಕದಲುವುದಿಲ್ಲ. ಮುಂದುಗಡೆ ಏನು ನಡೆಯುತ್ತಿದೆ ಎಂಬುದು ಕಾಣುವುದೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ವಿಜಯದಶಮಿಯ ಬೆಳಿಗ್ಗೆ ನಡೆದದ್ದು ಶುರುವಾದದ್ದೇ ನನ್ನ ಬೆನ್ನ ಹಿಂದೆ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಗದಗದ ಕಡೆಯಿಂದ ಬಂದು ಎಲೆಕ್ಟ್ರಾನಿಕ್ ಸಿಟಿಯ ಹಿಂದೆ ಗುದ್ದಲಿ ಹಿಡಿದೆ. ನಾನು ಅಗೆದು ತುಂಬಿದ ಮಣ್ಣನ್ನು ಹೆಂಡತಿ ಬಾಂಡ್ಲಿಯಲ್ಲಿ ಹೊತ್ತು ಹಾಕುತ್ತಿದ್ದಳು. ಈಗ ಮಿಂಚುವ ಗಾಜಿನ ಕಟ್ಟಡಗಳ ತಲೆಯನ್ನು ಎಲ್ಲರೂ ನೋಡುತ್ತಾರೆ. ಅವುಗಳ ಬುಡ ನೋಡಿದವರು ನಾವು. ಆಮೇಲೆ ಗಾಡಿಯ ಕೆಲಸ ಕಲಿತೆ, ಯಾರದೋ ಗಾಡಿ ಓಡಿಸಿದೆ, ಕೊನೆಗೆ ನನ್ನದೇ ಆಯಿತು. ಸೆಕೆಂಡ್ ಹ್ಯಾಂಡ್ ಆದರೇನು, ಅದರ ಒಂದೊಂದು ಪಿನ್ನಿಗೂ ನನ್ನ ಕೈಯಾರೆ ಗ್ರೀಸು ಹಾಕುತ್ತೇನೆ. ಕೆಲಸ ಕೇಳಿಕೊಂಡು ಯಾರ ಬಾಗಿಲಿಗೂ ಹೋದವನಲ್ಲ. ಕೆಲಸವೇ ನನ್ನನ್ನು ಹುಡುಕಿಕೊಂಡು ಬಂದಿದೆ.

ಕಾಡನ್ನು ನಾನು ನೋಡಿದ್ದು ಆ ಗಾಡಿಯ ಸೀಟಿನಿಂದ. ಬನ್ನೇರುಘಟ್ಟದ ಕಾಡಿನ ಅಂಚಿನಲ್ಲಿ ಆನೆ ಹೊರಗೆ ಬರದಂತೆ ಕಂದಕ ತೋಡುವ ಕೆಲಸ ಸಿಕ್ಕಿತ್ತು. ಒಂದು ಕಡೆ ರಾಗಿ ಹೊಲ, ಕಾರ್ಖಾನೆಯ ಶೆಡ್ಡು, ಸೈಟು ಮಾಡಲು ನೆಟ್ಟ ಕಲ್ಲು. ಇನ್ನೊಂದು ಕಡೆ ಜಾಲಾರಿ, ಮುತ್ತುಗ, ಹೂಬಿಟ್ಟು ಸತ್ತು ಒಣಗಿ ನಿಂತ ಬಿದಿರು, ಅವೆಲ್ಲದರ ಕಾಲಡಿಯಲ್ಲಿ ಗೋಡೆಯ ಹಾಗೆ ಹೆಣೆದುಕೊಂಡ ಲಂಟಾನ. ಬಕೆಟ್ಟು ಹಾಕಿದರೆ ಲಂಟಾನ ಜಜ್ಜಿಹೋಗಿ ಮೂಗಿಗೆ ಅಡರುವ ಘಾಟು. ಆ ಘಾಟಿನ ಕೆಳಗೆ ಜೀವಗಳಿರುತ್ತಿದ್ದವು. ಹುತ್ತ ಎತ್ತಿದರೆ ಅರ್ಧ ಉಡ. ಬಂಡೆ ಕಿತ್ತರೆ ಕೊಳಕುಮಂಡಲ. ಸೊಂಟ ತುಂಡಾದ ಮೇಲೂ ಅದು ಬಕೆಟ್ಟಿನ ಹಲ್ಲನ್ನು ಕಚ್ಚುತ್ತಿತ್ತು, ಕಬ್ಬಿಣದ ಮೇಲೆ ಹಳದಿ ವಿಷ ಇಳಿಯುತ್ತಿತ್ತು. ಮುಳ್ಳುಹಂದಿಯ ಬಿಲ ಕುಸಿದು, ಒಳಗೆ ಏನೋ ಮಗುವಿನ ಹಾಗೆ ಅತ್ತು ಸುಮ್ಮನಾಯಿತು. ಅಗೆಯುವಾಗ ನಿಲ್ಲಿಸಿ ನೋಡಲು ಆಗುವುದಿಲ್ಲ. ನೋಡಿದ ಹೊತ್ತಿಗೆ ಎರಡು ತುಂಡಾಗಿರುತ್ತದೆ.

ಅಲ್ಲಿ ಕಾವಲಿಗೆ ಅರಣ್ಯ ಇಲಾಖೆಯ ವಾಚರ್ ಒಬ್ಬರಿದ್ದರು. ಕಾಡಂಚಿನ ಹಳ್ಳಿಯವರು, ನನಗಿಂತ ಹಿರಿಯರು. ನನ್ನ ಬುತ್ತಿಯಲ್ಲಿ ಜೋಳದ ರೊಟ್ಟಿ ಕಂಡ ದಿನದಿಂದ ನನ್ನನ್ನು ರೊಟ್ಟಿ ಅಂತಲೇ ಕರೆದರು.

"ಏನ್ಲಾ ರೊಟ್ಟಿ, ನಿನ್ ಗಾಡಿಗೆ ಕಣ್ಣಿಲ್ವೇನ್ಲಾ? ಉಡದ ಸೊಂಟನೇ ಮುರ್ದಾಕ್ತಲ್ಲೋ."

"ಗಾಡಿಗೆ ಇರೋದು ಹಲ್ಲು ಅಷ್ಟೇ ಅಣ್ಣ."

"ಅಂಗಾರೆ ನಿನ್ ಕಣ್ಣೇನ್ ಮುದ್ದೆಗೆ ನೆಂಚ್ಕೊಳಕ್ಕಾ ಮಡಗಿರಾದು?"

ಒಂದು ಬೆಳಿಗ್ಗೆ ನಾನು ತೋಡಿದ ಕಂದಕದಲ್ಲಿ ಜಿಂಕೆಯೊಂದು ಬಿದ್ದಿತ್ತು. ಮುಂಗಾಲು ಎರಡೂ ಮುರಿದಿದ್ದವು. ಲೇಔಟಿನ ಬೀದಿನಾಯಿಗಳು ಕೆಳಗಿಳಿದು ಹಿಂಭಾಗದಿಂದ ತಿನ್ನಲು ಶುರುಮಾಡಿದ್ದವು. ಜಿಂಕೆ ಇನ್ನೂ ಕತ್ತೆತ್ತಿ ನೋಡುತ್ತಿತ್ತು. ವಾಚರ್ ಕಲ್ಲು ಹೊಡೆದರು. ನಾಯಿಗಳು ಸರಿದವು, ಮತ್ತೆ ಬಂದವು. ಕರುಳು ಮಣ್ಣಿನ ಮೇಲೆ ಉದ್ದಕ್ಕೆ ಬಿದ್ದಿತ್ತು. ಅವರು ನನ್ನ ಕಡೆ ತಿರುಗಿದರು. ನಾನು ಬಕೆಟ್ಟನ್ನು ಮಡಚಿ, ಅದರ ಬೆನ್ನನ್ನು ಜಿಂಕೆಯ ತಲೆಯ ಮೇಲೆ ಇಳಿಸಿದೆ. ಒಂದೇ ಸಲ. ಲಿವರಿನ ಮೂಲಕ ಅಂಗೈಗೆ ಬಂದ ಆ ಸಣ್ಣ ಮುರಿತ ಈಗಲೂ ಕೈಯಲ್ಲಿದೆ. ಆವತ್ತು ಅವರು ತಮ್ಮ ಮುದ್ದೆಯಲ್ಲಿ ಅರ್ಧ ಮುರಿದು ನನ್ನ ತಟ್ಟೆಗೆ ಹಾಕಿದರು. ನಾನು ರೊಟ್ಟಿ ಕೊಟ್ಟೆ. ನಾವು ಸ್ನೇಹಿತರಾದದ್ದು ಹೀಗೆ.

ಆಯುಧಪೂಜೆ ನಮ್ಮಂಥವರಿಗೆ ಯುಗಾದಿಗಿಂತ ದೊಡ್ಡದು. ಆ ವರ್ಷವೂ ಗಾಡಿಯನ್ನು ಸೀಗೆಪುಡಿ ಹಾಕಿ ಉಜ್ಜಿದಂತೆ ಉಜ್ಜಿದೆ. ಮುಂದಿನ ಬಕೆಟ್ಟಿನ ಎರಡೂ ತೋಳಿಗೆ ಆಳೆತ್ತರದ ಬಾಳೆಕಂದು ಕಟ್ಟಿದೆ. ಹೆಂಡತಿ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು.

"ಇನ್ನೆರಡು ಗಂಟು ಹಾಕ್ರಿ. ಫ್ಲೈಓವರ್ ಮ್ಯಾಗಿನ ಗಾಳಿಗೆ ಹಾರಿ ಹೊಕ್ಕಾವ."

"ಜೆಸಿಬಿ ಫ್ಲೈಓವರ್ ಯಾಕ ಹತ್ತತೈತಿ?"

"ಹತ್ತಲಿ ಬಿಡಲಿ, ಬಿಗಿಯಾಗಿ ಕಟ್ರಿ ಅಂದ್ರ ಕಟ್ರಿ."

ಪ್ಲಾಸ್ಟಿಕ್ ಹಗ್ಗದಲ್ಲಿ ಬಿಗಿದೆ. ಬೂದುಗುಂಬಳದೊಳಗೆ ಕುಂಕುಮ ತುಂಬಿ ಗಾಡಿಯ ಮುಂದೆ ಒಡೆದೆ. ಬಿಳಿ ತಿರುಳು ಕೆಂಪಾಗಿ ರಸ್ತೆಯ ತುಂಬ ಸಿಡಿಯಿತು. ಟೈರಿನ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿದೆ. ಕಟ್ಟಿದ ಬಾಳೆಕಂದನ್ನು ಬಿಚ್ಚುವ ಹಾಗಿಲ್ಲ. ಒಣಗಿ, ಎಲೆ ಚಿಂದಿಯಾಗಿ ತಾನೇ ಬೀಳಬೇಕು. ದಸರೆ ಮುಗಿದು ಎಷ್ಟೋ ದಿನದವರೆಗೆ ನಮ್ಮ ಕಡೆಯ ಲಾರಿ, ಆಟೋ, ಕಂಪನಿ ಬಸ್ಸು ಎಲ್ಲವೂ ಬಾಳೆ ಹೊತ್ತುಕೊಂಡೇ ಓಡಾಡುತ್ತವೆ.

ಮಾರನೆಯ ಬೆಳಿಗ್ಗೆ ವಾಚರ್ ಫೋನ್ ಮಾಡಿದರು.

"ರೊಟ್ಟಿ, ಗಾಡಿ ತಗಂಡ್ ಬಾ. ಎಣ್ಣಾನೆ ಗುಂಡಿಗ್ ಬಿದ್ದೈತೆ."

"ಬೇರೆ ಯಾರೂ ಸಿಗಲಿಲ್ವಾ ಅಣ್ಣ? ವಿಜಯದಶಮಿ ಇವತ್ತು."

"ಎಲ್ಲಾರ್ ಫೋನೂ ಸ್ವಿಚ್ ಆಫು. ಹಬ್ಬದ ಎಣ್ಣೆ ಇನ್ನೂ ಇಳ್ದಿಲ್ಲ. ಕುಡೀದಿರೋ ಡ್ರೈವರ್ರು ಈ ಕಡೇಲಿ ನೀನೊಬ್ನೇ."

ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ಆನಿ ಮುಂದ ಗಾಡಿ ಒಯ್ತೀರೇನು? ಗಾಡಿಗೆ ಏನರ ಆದ್ರ ನಾವು ಮತ್ತ ಬಾಂಡ್ಲಿ ಹೊರೂದ ನೋಡ್ರಿ." ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮ ಊಟ, ಬಾಡಿಗೆ, ಮಗಳ ಶಾಲೆ ಎಲ್ಲ ಆ ಗಾಡಿಯ ಹಲ್ಲಿನಲ್ಲೇ ಸಿಕ್ಕಿಕೊಂಡಿತ್ತು. "ಏನೂ ಆಗಂಗಿಲ್ಲ" ಅಂದೆ. ನನ್ನ ಗಾಡಿಯ ಮೇಲೆ ನನಗೆ ಅಷ್ಟು ನಂಬಿಕೆ.

ಕಂದಕದ ಮಗ್ಗುಲಲ್ಲಿ ಕಟ್ಟುತ್ತಿದ್ದ ಕಾರ್ಖಾನೆಯೊಂದಕ್ಕೆ ನೀರಿನ ಸಂಪು ತೋಡಿ ಹಾಗೇ ಬಿಟ್ಟಿದ್ದರು. ಮಳೆಗೆ ಕಂದಕದ ದಂಡೆ ಒಂದು ಕಡೆ ಕುಸಿದಿತ್ತು. ಅಲ್ಲಿಂದ ದಾಟಿ ರಾಗಿ ತಿನ್ನಲು ಬಂದ ಹಿಂಡು ಬೆಳಗಾಗುವ ಮೊದಲು ವಾಪಸು ಹೋಗುವಾಗ ಒಂದು ಹೆಣ್ಣಾನೆ ಸಂಪಿಗೆ ಜಾರಿತ್ತು. ಉಳಿದವು ಕಾಡು ಸೇರಿದ್ದವು. ಅದರ ಮರಿ ಮಾತ್ರ ಹೋಗಿರಲಿಲ್ಲ. ಎಮ್ಮೆಕರುವಿನ ಗಾತ್ರದ ಮರಿ, ತಲೆಯ ಮೇಲೆ ಹುರಿಹುರಿ ಕೂದಲು. ಲಂಟಾನದ ಮರೆಯಲ್ಲಿ ನಿಂತು ತಾಯಿ ಕೂಗಿದಾಗೆಲ್ಲ ಎರಡು ಹೆಜ್ಜೆ ಹೊರಗೆ ಬಂದು, ಜನರ ಗಲಾಟೆ ಕೇಳಿ ಒಳಗೆ ಹೋಗುತ್ತಿತ್ತು.

ಜನವೋ ಜನ. ಹೊಸ ಪಂಚೆ ಉಟ್ಟವರು, ಐಡಿ ಕಾರ್ಡು ನೇತುಹಾಕಿಕೊಂಡವರು, ರಾತ್ರಿ ಪಾಳಿ ಮುಗಿಸಿ ನೇರ ಬಂದವರು.

"ಮಗಾ, ಆ ಕಲ್ಲು ಎಸಿ, ಈ ಕಡೆ ತಿರುಗುತ್ತೆ. ಸಕ್ಕತ್ತಾಗಿ ಬರುತ್ತೆ ವಿಡಿಯೋ."

ಆ ಕಲ್ಲು ಆನೆಯ ಕಿವಿಗೆ ಬಿತ್ತು. ಅದು ತಿರುಗಿ ಗುಂಡಿಯ ಗೋಡೆಗೆ ಹಣೆಯಿಂದ ಗುದ್ದಿತು. ಗುದ್ದಿದ ಕಡೆ ಮಣ್ಣು ಉದುರಿ ಕೆಳಗಿನ ಕಲ್ಲು ಕಂಡಿತು, ಕಲ್ಲಿನ ಮೇಲೆ ರಕ್ತ ಕಂಡಿತು. ಎಷ್ಟು ಹೊತ್ತಿನಿಂದ ಗುದ್ದುತ್ತಿತ್ತೋ, ಹಣೆಯ ಚರ್ಮ ಸುಲಿದು ಜೋತುಬಿದ್ದಿತ್ತು. ವಾಚರ್ ಕಲ್ಲೆಸೆದವನ ಕೈಯಿಂದ ಫೋನ್ ಕಿತ್ತು ಕೆಸರಿಗೆ ಎಸೆದರು. ಅವನು ಮೈಮೇಲೆ ಏರಿ ಬಂದ. ಕಪಾಳಕ್ಕೆ ಒಂದು ಬಿಗಿದರು. ಅಷ್ಟರಲ್ಲಿ ಇಲಾಖೆಯ ಸಾಹೇಬರು ಬಂದು, "ಜನಾನ ಆಮೇಲೆ ಹೊಡಿ ಮಾರಾಯ, ಮೊದಲು ದಾರಿ ಮಾಡು" ಅಂದರು.

ದಾರಿ ಅಂದರೆ ಇಳಿಜಾರು. ಕಾಡಿನ ಕಡೆಯ ಗೋಡೆಯನ್ನು ಸ್ವಲ್ಪ ಸ್ವಲ್ಪವೇ ಕಡಿದು ಆನೆ ಹತ್ತುವ ಹಾಗೆ ಮಾಡಬೇಕು. ಕೊನೆಯ ಪದರ ಉಳಿದಾಗ ಸಾಹೇಬರು ಸೀಟಿ ಊದುತ್ತಾರೆ. ಆಗ ನಾನು ಜಾಕು ಎತ್ತಿ, ಸೀಟು ತಿರುಗಿಸಿ ಮುಂದಕ್ಕೆ ಓಡಿಸಿ ಪಕ್ಕಕ್ಕೆ ಹೋಗಬೇಕು. ಆನೆ ತಾನೇ ಉಳಿದದ್ದನ್ನು ತುಳಿದು ಹತ್ತಿ ಕಾಡಿಗೆ ಹೋಗುತ್ತದೆ. ಊರ ಕಡೆ ತಿರುಗಿದರೆ ಪಟಾಕಿ. ಸಾಹೇಬರು ಯೋಚಿಸಿದ್ದು ಸರಿಯಾಗಿಯೇ ಇತ್ತು. ಗಾಡಿಯ ಹಿಂಭಾಗ ಗುಂಡಿಗೆ, ಮುಖ ಕಾಡಿಗೆ. ನಾನು ಸೀಟು ತಿರುಗಿಸಿ ಆನೆಗೆ ಎದುರು ಕೂತೆ.

ಅಗೆಯಲು ಶುರುಮಾಡುವ ಮೊದಲು ವಾಚರ್ ಗಾಡಿಯ ಮುಂದೆ ಬಂದು ಬಾಳೆಕಂದಿಗೆ ಅಂಟಿದ್ದ ಕುಂಕುಮವನ್ನು ಬೆರಳಿಗೆ ತಗುಲಿಸಿಕೊಂಡು ಹಣೆಗೆ ಇಟ್ಟುಕೊಂಡರು. "ತಾಯಿ, ಕಾಪಾಡು" ಅಂದರು. ಇಲಾಖೆಯ ಜೀಪಿಗೂ ಬಾಳೆ ಕಟ್ಟಿತ್ತು. ಹುಟ್ಟಿದಾಗಿನಿಂದ ಆನೆ ನೋಡಿದ ವಾಚರಿಗಾಗಲಿ, ಸಾಹೇಬರಿಗಾಗಲಿ, ನನಗಾಗಲಿ, ಅಲ್ಲಿದ್ದ ಅಷ್ಟು ಜನರಲ್ಲಿ ಯಾರಿಗೂ ಹೊಳೆಯಲಿಲ್ಲ. ಅದು ಪೂಜೆಯದು. ಪೂಜೆಯದನ್ನು ತಿನ್ನುವ ಪದಾರ್ಥ ಅಂತ ಯಾರು ನೋಡುತ್ತಾರೆ?

ಬಕೆಟ್ಟು ಮಣ್ಣಿಗೆ ಇಳಿಯಿತು. ಆನೆ ಮೊದಲು ಸೊಂಡಿಲಿನಿಂದ ಬಕೆಟ್ಟಿನ ಹಲ್ಲನ್ನು ಹಿಡಿದು ಎಳೆಯಿತು. ನಾನು ಬಿಡಿಸಿಕೊಂಡೆ. ಕೆಸರನ್ನು ಎತ್ತಿ ಗಾಜಿಗೆ ಬೀಸಿತು, ವೈಪರ್ ಹಾಕಿದೆ. ಅದರ ಕೂಗು ಕಿವಿಗೆ ಬರುವ ಮೊದಲು ಸೀಟಿನ ಕಬ್ಬಿಣಕ್ಕೆ ಬರುತ್ತಿತ್ತು. ತೆಗೆದ ಮಣ್ಣನ್ನು ಒಂದೇ ಬದಿಗೆ ಗುಡ್ಡೆ ಹಾಕುತ್ತಾ ಹೋದೆ. ಇಳಿಜಾರು ನಿಧಾನ ಮೂಡಿತು. ಆನೆಗೂ ಅರ್ಥವಾಯಿತೋ ಏನೋ, ಗುದ್ದುವುದು ನಿಲ್ಲಿಸಿ, ಉಸಿರು ಬುಸುಗುಡುತ್ತಾ, ನನ್ನ ಬಕೆಟ್ಟು ಮೇಲೆ ಕೆಳಗೆ ಆಡುವುದನ್ನೇ ನೋಡಿತು. ನಾನು ಹೆಮ್ಮೆಪಟ್ಟ ಗಳಿಗೆ ಅದು. ಇಷ್ಟು ನಯವಾಗಿ ನೆಲ ಕಡಿಯುವವನನ್ನು ತೋರಿಸಿ ನೋಡೋಣ ಅಂದುಕೊಂಡೆ.

ಆನೆ ಮುಂಗಾಲು ಎತ್ತಿ ಇಳಿಜಾರಿನ ಮೇಲಿಟ್ಟಿತು. ಸೀಟಿ ಬಿತ್ತು.

ಜಾಕು ಎತ್ತಿದೆ. ಸೀಟು ತಿರುಗಿಸಿದೆ. ಮುಂದಿನ ಬಕೆಟ್ಟು ಎತ್ತಲು ಲಿವರಿಗೆ ಕೈ ಹಾಕಿದವನು ಹಾಗೇ ನಿಂತೆ. ಎಡ ತೋಳಿನ ಕೆಳಗೆ, ಬಕೆಟ್ಟಿಗೂ ಚಕ್ರಕ್ಕೂ ನಡುವೆ, ಮರಿ. ಬಾಳೆಕಂದಿಗೆ ಸೊಂಡಿಲು ಸುತ್ತಿ ಜಗ್ಗುತ್ತಿತ್ತು. ಎಲೆಯೆಲ್ಲ ಆಗಲೇ ಅದರ ಬಾಯಲ್ಲಿತ್ತು. ಕಂದು ಬರುತ್ತಿರಲಿಲ್ಲ. ಹೆಂಡತಿ ಹಾಕಿಸಿದ ಗಂಟು.

ಹಾರ್ನ್ ಒತ್ತಿದೆ. ಮರಿ ಬೆಚ್ಚಿ ಇನ್ನೂ ಒಳಕ್ಕೆ, ಚಕ್ರಕ್ಕೆ ಒತ್ತಿಕೊಂಡಿತು. ಬಕೆಟ್ಟು ಎತ್ತಿದರೆ ಅದರ ಕತ್ತು ತೋಳಿಗೆ ಸಿಗುತ್ತಿತ್ತು. ಹೊರಟರೆ ಚಕ್ರ ಅದರ ಬೆನ್ನ ಮೇಲೆ ಹತ್ತುತ್ತಿತ್ತು. ಹಿಂದಕ್ಕೆ ಹೋದರೆ ಗುಂಡಿ.

"ಹೊರಡೋ! ಹತ್ತಿ ಬಂತು! ಹೊರಡೋ!" ಸಾಹೇಬರು ಗಂಟಲು ಹರಿಯುವ ಹಾಗೆ ಕೂಗಿದರು.

"ಮರಿ ಐತ್ರೀ ಸರ!"

"ಮರಿ ಹೋದ್ರೆ ಹೋಗ್ಲಿ, ನೀನು ಬದುಕೋ!"

ಗೇರು ಬಿದ್ದಿತ್ತು. ಕಾಲು ಆಕ್ಸಿಲೇಟರಿನ ಮೇಲಿತ್ತು. ಒತ್ತಿದ್ದರೆ ಗಾಡಿ ಉಳಿಯುತ್ತಿತ್ತು, ನಾನೂ ಉಳಿಯುತ್ತಿದ್ದೆ, ಯಾರೂ ನನ್ನನ್ನು ಏನೂ ಅನ್ನುತ್ತಿರಲಿಲ್ಲ. ಕಂದಕದಲ್ಲಿ ಎಷ್ಟು ಜೀವವನ್ನು ಎರಡು ತುಂಡು ಮಾಡಿರಲಿಲ್ಲ ಈ ಗಾಡಿ? ಆದರೆ ಅವೆಲ್ಲ ಮಣ್ಣಿನೊಳಗಿದ್ದವು. ಮರಿ ನನ್ನನ್ನು ನೋಡುತ್ತಿತ್ತು, ಬಾಯಲ್ಲಿ ಎಲೆ ಇಟ್ಟುಕೊಂಡು. ಕಾಲು ತೆಗೆದು ಎರಡೂ ಜಾಕನ್ನು ಮತ್ತೆ ಊರಿದೆ. ಸೀಟು ಹಿಂದಕ್ಕೆ ತಿರುಗಿಸಿದೆ.

ವಾಚರ್ ಮಚ್ಚು ಹಿಡಿದು ಗಾಡಿಯ ಮುಂದಕ್ಕೆ ಓಡಿದ್ದು ಕಂಡಿತು. ಆಮೇಲಿನದು ಕೇಳಿಸಿದ್ದು ಮಾತ್ರ. ಅವರು ಮಚ್ಚಿನ ಚಪ್ಪಟೆ ಕಡೆಯಿಂದ ಮರಿಯ ಮುಖಕ್ಕೆ ಹೊಡೆಯುತ್ತಿದ್ದರೆಂದು ಆಮೇಲೆ ಗೊತ್ತಾಯಿತು. "ಓಗು! ಓಗೇ ಮುಂಡೇದೆ! ಸಾಯ್ತೀಯ, ಓಗು!" ಒಂದೊಂದು ಏಟಿಗೂ ಮರಿ ಕಿರುಚಿತು. ಇಲಾಖೆಯ ಎಷ್ಟೋ ಸಾಕು ಆನೆಮರಿಗಳಿಗೆ ಬೆಲ್ಲ ತಿನ್ನಿಸಿದ ಕೈ ಅದು. ಹೊಡೆಯುತ್ತಲೇ ಅಳುತ್ತಿದ್ದರು.

ಆ ಕಿರುಚು ತಾಯಿಗೆ ಕೇಳಿತು. ಇಳಿಜಾರನ್ನು ಅದು ಹತ್ತಲಿಲ್ಲ, ಹಾರಿತು ಅನ್ನಬೇಕು. ನಾನು ಹಿಂದಿನ ತೋಳನ್ನು ಅಡ್ಡ ಹಿಡಿದೆ. ಆನೆ ಹಣೆಯಿಂದ ಅದಕ್ಕೆ ಗುದ್ದಿದ ಏಟಿಗೆ ಗಾಡಿ ಪೂರ್ತಿ ನಡುಗಿ, ಹಿಂದಿನ ಗಾಜು ಪುಡಿಪುಡಿಯಾಗಿ ನನ್ನ ಮುಖಕ್ಕೆ ಬಂತು. ಆನೆ ನನ್ನನ್ನು ಬಿಟ್ಟು ಎಡಕ್ಕೆ ತಿರುಗಿತು, ಮರಿಯ ಕಡೆ, ವಾಚರ್ ಕಡೆ. ತೋಳನ್ನು ಬೀಸಿದೆ. ಬಕೆಟ್ಟಿನ ಹಲ್ಲು ಅದರ ಭುಜಕ್ಕೆ ಕಚ್ಚಿತು. ಚರ್ಮ ಹರಿದ ಸದ್ದು ಗೋಣಿಚೀಲ ಹರಿದಂತೆ ಕೇಳಿತು. ಮತ್ತೆ ಬೀಸುವಷ್ಟರಲ್ಲಿ ಅದು ತೋಳಿಗೇ ಸೊಂಡಿಲು ಹಾಕಿ ತಿರುಚಿತು. ಹೈಡ್ರಾಲಿಕ್ ಪೈಪು ಒಡೆದು ಬಿಸಿ ಎಣ್ಣೆ ಅದರ ಮೇಲೂ ನನ್ನ ಮೇಲೂ ಚಿಮ್ಮಿತು. ತೋಳು ಸತ್ತ ಕೈಯ ಹಾಗೆ ಧೊಪ್ಪೆಂದು ಬಿತ್ತು.

ಆಮೇಲೆ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಪಕ್ಕದ ಕಿಟಕಿಯಿಂದ ನೋಡಿದೆ. ವಾಚರ್ ಎಡಗೈಯಲ್ಲಿ ಕಂದು ಹಿಡಿದು ಬಲಗೈಯಿಂದ ಹಗ್ಗ ಕೊಯ್ಯುತ್ತಿದ್ದರು. ಆನೆ ಅವರನ್ನು ಸೊಂಡಿಲಿನಿಂದ ಹೊಡೆಯಿತು. ಅವರು ಬಟ್ಟೆಯ ಹಾಗೆ ಹಾರಿ ಲಂಟಾನದ ಮೇಲೆ ಬಿದ್ದರು. ಆಮೇಲೆ ಅದು ಕ್ಯಾಬಿನ್ನಿಗೆ ಹಣೆ ಒತ್ತಿ ತಳ್ಳಿತು. ಅದರ ಕಣ್ಣು ನನ್ನ ಮುಖದಿಂದ ಒಂದು ಮೊಳ ದೂರದಲ್ಲಿತ್ತು. ಕೆಂಪಾಗಿ, ಒದ್ದೆಯಾಗಿ, ರೆಪ್ಪೆಗೂದಲಿಗೆಲ್ಲ ಕೆಸರು ಮೆತ್ತಿಕೊಂಡಿತ್ತು. ಬಾಗಿಲು ಒಳಗೆ ಮಡಚಿ ನನ್ನ ಮಂಡಿಗೆ ಒತ್ತಿತು. ಸಡಿಲ ಮಣ್ಣಿನಲ್ಲಿ ಜಾಕು ಜಾರಿತು. ನನ್ನ ಗಾಡಿ, ನಾನು ಉಜ್ಜಿ ತೊಳೆದ ಗಾಡಿ, ನಿಧಾನವಾಗಿ ಬಲಕ್ಕೆ ವಾಲಿ, ನಾನೇ ಹಾಕಿದ್ದ ಮಣ್ಣಿನ ಗುಡ್ಡೆಗೆ ಒರಗಿತು.

ವಾಲಿದ ಎಳೆತಕ್ಕೆ ಎಡಗಡೆಯ ಅರ್ಧ ಕೊಯ್ದ ಹಗ್ಗ ಹರಿಯಿತು. ಕಂದು ಸೊಂಡಿಲಿಗೆ ಬಂದದ್ದೇ ತಡ ಮರಿ ಅದನ್ನು ಎಳೆದುಕೊಂಡು ಕಾಡಿಗೆ ಓಡಿತು. ತಾಯಿ ಕ್ಯಾಬಿನ್ನಿನ ಮೆಟ್ಟಿಲ ಮೇಲೆ ಎತ್ತಿಟ್ಟಿದ್ದ ಕಾಲನ್ನು ಇಳಿಸಿ ಮರಿಯ ಹಿಂದೆ ಹೋಯಿತು. ಕುಸಿದ ದಂಡೆಯಲ್ಲಿ ಇಳಿದು ಹತ್ತಿ, ಲಂಟಾನದೊಳಗೆ ಮರೆಯಾಯಿತು. ಪಟಾಕಿ ಸಿಡಿದದ್ದು ಆಮೇಲೆ.

ನನ್ನನ್ನು ಮೇಲಿನ ಕಿಟಕಿಯಿಂದ ಎಳೆದು ತೆಗೆದರು. ಕೆನ್ನೆಯ ತುಂಬ ಗಾಜು. ಎಂಜಿನ್ ಇನ್ನೂ ಓಡುತ್ತಿತ್ತು. ಮತ್ತೆ ಒಳಗೆ ಬಗ್ಗಿ ನಾನೇ ಆಫ್ ಮಾಡಿದೆ. ಜನ ವಾಪಸು ಬಂದರು. ಪರಿಚಯದ ಕಂಟ್ರಾಕ್ಟರ್ ಒಬ್ಬ ಹತ್ತಿರ ಬಂದು ತಲೆಯಾಡಿಸಿದ.

"ಏನ್ ಗುರು ನೀನು, ಒಂದು ಆನೆಮರಿಗೋಸ್ಕರ ಗಾಡಿನೇ ಕಳ್ಕೊಂಡ್ಯಲ್ಲ. ಹತ್ತಿಸ್ಕೊಂಡು ಬರೋದಲ್ವಾ?"

"ನಿನ್ನ ಗಾಡಿ ಆಗಿದ್ರೆ ನೀನು ಹತ್ತಿಸ್ತಿದ್ದೆ. ಇದು ನನ್ನ ಗಾಡಿ."

ಹೆಂಡತಿ ಆಟೋದಲ್ಲಿ ಬಂದಳು. ಮೊದಲು ನನ್ನ ಮುಖ ನೋಡಿದಳು, ಆಮೇಲೆ ಗಾಡಿ ನೋಡಿದಳು. ಸೆರಗಿನ ತುದಿಯಿಂದ ನನ್ನ ಕೆನ್ನೆಯ ಗಾಜು ಒಂದೊಂದೇ ತೆಗೆದಳು.

ವಾಚರನ್ನು ಜೀಪಿನಲ್ಲಿ ಕೂರಿಸಿದ್ದರು. ತೋಳಿನ ಮೂಳೆ ಚರ್ಮ ತೂರಿ ಹೊರಗೆ ಬಂದಿತ್ತು, ಟವೆಲ್ಲು ಸುತ್ತಿದ್ದರು. ಆಸ್ಪತ್ರೆಗೆ ಹೊರಡಲು ಒಪ್ಪುತ್ತಿರಲಿಲ್ಲ. ಕಣ್ಣು ಗಾಡಿಯ ಬಲ ತೋಳಿನ ಮೇಲಿತ್ತು. ಮಣ್ಣಿನ ಗುಡ್ಡೆಗೆ ಒತ್ತಿಕೊಂಡು ಇನ್ನೊಂದು ಬಾಳೆಕಂದು ಕಟ್ಟಿದ ಹಾಗೇ ಇತ್ತು.

"ರೊಟ್ಟಿ, ಕ್ರೇನು ಯಾವಾಗ ಬತ್ತದೆ?"

"ಹಬ್ಬ ಅಲ್ವಾ ಅಣ್ಣ. ನಾಳೆ ಅಂದ್ರು."

"ಮರಿ ಬಾಯ್ಗೆ ರುಚಿ ಅತ್ತೈತೆ. ಇವತ್ತೇ ಉಳ್ದಿದ್ದ ಉಡೀಕ್ಕೊಂಡ್ ಬತ್ತದೆ, ಅವ್ವನ್ನೂ ಕರ್ಕಂಡ್ ಬತ್ತದೆ. ಜನ ಬಂದೂಕ ತರ್ತಾರೆ. ಅದ್ನ ಕಿತ್ತು ಊತಾಕು. ಜೀಪಿಂದೂ ಊತಾಕು."

ಹೆಂಡತಿ ನನ್ನ ತೋಳು ಹಿಡಿದಳು. "ಒಣಗೂ ಮಟ ಬಿಚ್ಚಬಾರದ್ರೀ." ಹೇಳಿದವಳೇ ಕೈ ಬಿಟ್ಟಳು. ನಾನು ವಾಚರರ ಮಚ್ಚಿನಿಂದಲೇ ಅವಳ ಗಂಟುಗಳನ್ನು ಕಡಿದೆ.

ಹೂಳಲು ಗಾಡಿ ಇರಲಿಲ್ಲ. ಕಾರ್ಖಾನೆಯ ಶೆಡ್ಡಿನಿಂದ ಗುದ್ದಲಿ ತಂದೆ, ಬಾಂಡ್ಲಿಯನ್ನು ಅವಳೇ ತಂದಳು. ಎಷ್ಟು ವರ್ಷವಾಗಿತ್ತೋ ಗುದ್ದಲಿ ಹಿಡಿದು. ಮೊದಲ ಏಟಿಗೇ ಗರಸು ಮಣ್ಣು ಕೈಗೆ ವಾಪಸು ಹೊಡೆಯಿತು. ಅಂಗೈ ಬೊಬ್ಬೆ ಎದ್ದು ಒಡೆಯಿತು. ನಾನು ಅಗೆದೆ, ಅವಳು ತುಂಬಿ ಎತ್ತಿ ಹಾಕಿದಳು. ಕಾಡಿನೊಳಗಿಂದ ಒಂದು ಸಲ ತಾಯಿ ಕೂಗಿದ್ದು, ಸಣ್ಣ ದನಿಯೊಂದು ಉತ್ತರ ಕೊಟ್ಟದ್ದು ಕೇಳಿತು. ಜನರೆಲ್ಲ ಆ ಕಡೆ ಫೋನು ಹಿಡಿದರು. ನಾವಿಬ್ಬರೂ ತಲೆಯೆತ್ತಲಿಲ್ಲ.

ಗುಂಡಿ ನನ್ನ ಸೊಂಟಕ್ಕೆ ಬಂದಾಗ ಜೀಪಿನ ಕಡೆ ತಿರುಗಿದೆ.

"ಸಾಕೇನಣ್ಣ?"

ಅವರು ಕಣ್ಣುಮುಚ್ಚಿ ಸೀಟಿಗೆ ಒರಗಿದ್ದರು. ಮುಖವೆಲ್ಲ ಬೆವರು.

"ಆನೆ ಮೂಗು ಕಣ್ಲಾ ಅದು. ಇನ್ನೂ ತೋಡು."

ಹೆಂಡತಿ ಖಾಲಿ ಬಾಂಡ್ಲಿಯನ್ನು ಗುಂಡಿಯೊಳಗೆ ಇಳಿಸಿದಳು. ನಾನು ಗುದ್ದಲಿ ಎತ್ತಿದೆ.